ಬಳ್ಳಿಗಾವಿಯ ದಾಸೋಜ: ತಪ್ಪು ಕಲ್ಪನೆ ಮತ್ತು ವಾಸ್ತವ

ದುಬೈನ ಬುರ್ಜ್ ಖಲೀಫಾ ಯಾರ ವಿನ್ಯಾಸ ಎಂದು ಕೇಳಿದರೆ ಏಡ್ರಿಯನ್ ಸ್ಮಿತ್ ಎಂಬ ಉತ್ತರ ಫೋನಿನಲ್ಲೇ ಸಿಗುತ್ತದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಿಂದ ಹೋಗಿ ಬೇಲೂರಿನಲ್ಲಿ ಕೆಲಸ ಮಾಡಿದ ಶಿಲ್ಪಿ ದಾಸೋಜನ ಹೆಸರು ಮಾತ್ರ ಅವನ ಊರಿನ ಸುತ್ತಲೇ ಅಪರೂಪ. ಆ ಜಾಗದಲ್ಲಿ ಕಥೆಗಳು ಬಂದು ಕೂತಿವೆ.

ತಪ್ಪು ಕಲ್ಪನೆ: ಬಳ್ಳಿಗಾವಿಯಿಂದ ಸೋಮನಾಥಪುರದವರೆಗೆ ಎಲ್ಲ ಗುಡಿಗಳನ್ನೂ ಕಟ್ಟಿದವನು ಜಕಣಾಚಾರಿ.

ವಾಸ್ತವ: ನಾವೂ ಇದನ್ನೇ ಕೇಳಿ ಬೆಳೆದವರು. ಆದರೆ ಇಸವಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಬಳ್ಳಿಗಾವಿಯ ಗಂಡಭೇರುಂಡ ಕಂಬ ಎದ್ದದ್ದು 1047ರಲ್ಲಿ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ 1117ರಲ್ಲಿ. ಸೋಮನಾಥಪುರದ ಗುಡಿ 13ನೇ ಶತಮಾನದ್ದು. ಒಬ್ಬನ ಆಯುಷ್ಯಕ್ಕೆ ಇಷ್ಟು ದಕ್ಕುವುದಿಲ್ಲ. ಜಕಣಾಚಾರಿ, ಅವನ ಮಗ ಡಂಕಣ, ಆ ಮಗ ತೋರಿಸಿಕೊಟ್ಟ ಕಲ್ಲೊಳಗಿನ ಕಪ್ಪೆ, ಇವೆಲ್ಲ ಮಕ್ಕಳಿಗೆ ಹೇಳಲೇಬೇಕಾದ ಚೆಂದದ ಕಥೆ. ಕಲ್ಲಿನಲ್ಲೇ ಹೆಸರು ಉಳಿಸಿಕೊಂಡ ಅಪ್ಪ-ಮಗ ಬೇರೆ: ದಾಸೋಜ ಮತ್ತು ಚಾವಣ.

ತಪ್ಪು ಕಲ್ಪನೆ: ಹಿಂದಿನ ಶಿಲ್ಪಿಗಳು ವಿನಯದಿಂದ ಹೆಸರನ್ನೇ ಬರೆಯುತ್ತಿರಲಿಲ್ಲ.

ವಾಸ್ತವ: ಬೇಲೂರಿನ ಗುಡಿಯ ಮದನಿಕೆಯರ, ಅಂದರೆ ಕಂಬದ ಮೇಲಿನ ಹೆಣ್ಣು ಶಿಲ್ಪಗಳ, ಪೀಠಗಳನ್ನು ಓದಿದರೆ ಈ ಮಾತು ನಿಲ್ಲುವುದಿಲ್ಲ. ಶಿಲ್ಪಿಯ ಹೆಸರು, ತಂದೆಯ ಹೆಸರು, ಊರು, ಜೊತೆಗೆ ಬಿರುದು ಕೂಡ ಅಲ್ಲಿದೆ. ನಾಲ್ಕು ಮದನಿಕೆಯರು ಬಳ್ಳಿಗಾವಿಯ ದಾಸೋಜನ ಕೈಯವರು, ಐವರು ಚಾವಣನ ಕೈಯವರು. ಬಿರುದು ಹೊತ್ತು ಮೆರೆಯುವ ರೂವಾರಿಗಳು (ಶಿಲ್ಪಿಗಳು) ಮನ್ಮಥರಾದರೆ ತಾನು ಅವರಿಗೆ ಮಹೇಶ್ವರ ಎಂದು ಮಗ ಸಾರಿಕೊಂಡಿದ್ದಾನೆ. ಮನ್ಮಥನನ್ನು ಸುಟ್ಟವನು ಶಿವನಲ್ಲವೇ? ಎದುರಾಳಿಗಳಿಗೆ ಇದಕ್ಕಿಂತ ನೇರ ಸವಾಲು ಬೇಕಿಲ್ಲ. ಅಂದಿನ ಶಿಲ್ಪಿಗಳಲ್ಲಿ ಪೈಪೋಟಿಯಿತ್ತು, ಹೆಮ್ಮೆಯಿತ್ತು.

ತಪ್ಪು ಕಲ್ಪನೆ: ಬಳ್ಳಿಗಾವಿ ಒಂದು ಮೂಲೆಯ ಹಳ್ಳಿ, ಕಲೆ ಇಲ್ಲಿಗೆ ಹೊರಗಿನಿಂದ ಬಂತು.

ವಾಸ್ತವ: ಅದು ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬನವಾಸಿ ಹನ್ನೆರಡು ಸಾವಿರ ನಾಡಿನ ರಾಜಧಾನಿಯಾಗಿತ್ತು. ಮೂರು ಗರ್ಭಗುಡಿಯ ಕೇದಾರೇಶ್ವರ, ತ್ರಿಪುರಾಂತಕ, ಸೊರಬ ತಾಲ್ಲೂಕಿನ ಕುಬಟೂರಿನ ಕೈಟಭೇಶ್ವರ, ಇವನ್ನು ನೋಡಿದರೆ ಈ ಸೀಮೆಯ ಪಳಗಿದ ಕೈ ಕಾಣುತ್ತದೆ. ಬೇಲೂರಿನ ಗುಡಿ ಕಟ್ಟಿಸಿದ ಹೊಯ್ಸಳರು ಆಗಿನ್ನೂ ಈ ಚಾಲುಕ್ಯರ ಸಾಮಂತರು. ಬೇಲೂರಿಗೆ ಕುಶಲಿಗಳು ಇಲ್ಲಿಂದ ಹೋದರು.

ತಪ್ಪು ಕಲ್ಪನೆ: ಯಾವುದೋ ಸೊಪ್ಪಿನ ರಸ ಹಚ್ಚಿ ಕಲ್ಲನ್ನು ಮೇಣ ಮಾಡುತ್ತಿದ್ದರು.

ವಾಸ್ತವ: ಅದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿಟ್ಟಂತೆ ಗಟ್ಟಿಯಾಗುತ್ತದೆ. ಈ ಕಲ್ಲಿನ ಕಂಬಗಳನ್ನು ತಿರುಗಿಸಿ ಕಡೆದದ್ದಕ್ಕೆ ಅವುಗಳ ಮೈಮೇಲಿನ ಸಮನಾದ ಬಳೆಗಳೇ ಸಾಕ್ಷಿ.

ತಪ್ಪು ಕಲ್ಪನೆ: ಕಂಬದ ಬುಡದಲ್ಲಿ, ಲಿಂಗದ ಕೆಳಗೆ ನಿಧಿಯಿದೆ.

ವಾಸ್ತವ: ಈ ನಂಬಿಕೆಯಷ್ಟು ಹಾನಿ ಬೇರೆ ಯಾವುದೂ ಮಾಡಿಲ್ಲ. ಗುಡಿಗಳ ಸಂಪತ್ತು ಎಲ್ಲಿತ್ತೆಂದು ದಾನಶಾಸನಗಳೇ ಹೇಳುತ್ತವೆ: ಗದ್ದೆ, ತೋಟ, ಸುಂಕದ ಹುಟ್ಟುವಳಿ. ಅದು ನೆಲದಲ್ಲಿ ಹೂತಿಟ್ಟ ಹೊನ್ನಲ್ಲ, ಖರ್ಚಾಗುತ್ತಿದ್ದ ಆದಾಯ. ಬಳ್ಳಿಗಾವಿಯ ಕೋಡಿಯ ಮಠದಲ್ಲಿ ಓದುವವರಿಗೆ ಪಾಠ, ಹಸಿದವರಿಗೆ ಊಟ, ರೋಗಿಗಳಿಗೆ ಔಷಧ ಸಿಗುತ್ತಿತ್ತೆಂದು 1162ರ ಶಾಸನದಲ್ಲಿದೆ. ಹಾರೆ ಹಿಡಿದು ರಾತ್ರಿ ಬರುವವರು ಒಡೆಯುವುದು ಇಂಥ ಬರಹವಿರುವ ಕಲ್ಲುಗಳನ್ನೇ.