ಆಟದ ಇಟ್ಟಿಗೆಯ ಟಾಕೀಸು: ಕೊನೇ ಆಟ ನೋಡಿ ಬಂದೆ!

ಮೀಸೆ ಹೊತ್ತ ಗಂಡಸು, ಮನೆ ಮಕ್ಕಳು ಇರುವವನು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಪ್ಲಾಸ್ಟಿಕ್ ಇಟ್ಟಿಗೆ ಜೋಡಿಸುತ್ತಿದ್ದರೆ ನೀವೇನಂತೀರಿ? "ಇವನಿಗೆ ಬೇರೆ ಕಸುಬಿಲ್ವಾ?" ಅಂತೀರಿ. ನಾನೂ ಹಾಗೇ ಅಂದಿದ್ದೆ. ಕಳೆದ ವಾರ ಮಂಡ್ಯ, ಮಳವಳ್ಳಿ, ಮದ್ದೂರು ಈ ಮೂರು ಊರುಗಳಲ್ಲಿ ಮೂರು ಮಂದಿಯನ್ನು ಕಂಡು ಬಂದೆ. ಆ ಮಾತನ್ನು ವಾಪಸ್ ತಗೊಂಡಿದ್ದೇನೆ.

ಮೂವರೂ ಒಂದೇ ಷರತ್ತು ಹಾಕಿದರು. "ಹೆಸರು ಮಾತ್ರ ಹಾಕ್ಬೇಡಿ ಸಾ, ಊರ್ನೋರು ಆಡ್ಕೋತಾರೆ!" ಹಾಕಿಲ್ಲ. ಆದರೆ ಅವರು ಕಟ್ಟಿದ್ದನ್ನು ಬರೆಯದೆ ಇರಲಾರೆ.

ಬಡಗಿ ಮನೆಯಿಂದ ಬಂದ ಇಟ್ಟಿಗೆ

ಇಟ್ಟಿಗೆ ಅಂದರೆ ಲೆಗೊ. ಡೆನ್ಮಾರ್ಕ್ ದೇಶದ ಬಿಲ್ಲುಂಡ್ ಎಂಬ ಊರಿನಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯನ್ಸನ್ ಎಂಬ ಬಡಗಿ 1932ರಲ್ಲಿ ಈ ಕಸುಬು ಶುರು ಮಾಡಿದ. ಮೊದಮೊದಲು ಮಾಡುತ್ತಿದ್ದುದು ಮರದ ಆಟಿಕೆಗಳನ್ನೇ. ಥೇಟ್ ನಮ್ಮ ಮದ್ದೂರಿನ ಪಕ್ಕದ ಚನ್ನಪಟ್ಟಣದ ಕಥೆ! ಕಂಪನಿ ಆಮೇಲೆ ಪ್ಲಾಸ್ಟಿಕ್ಕಿಗೆ ಇಳಿಯಿತು. ಈಗಿನ ಇಟ್ಟಿಗೆಗೆ ಪೇಟೆಂಟ್ ಕೋರಿ ಅರ್ಜಿ ಬಿದ್ದದ್ದು 1958ರ ಜನವರಿ 28ರಂದು. ಲೆಗೊ ಎಂಬ ಹೆಸರು ಅವರ ಭಾಷೆಯ ಎರಡು ಮಾತು ಕೂಡಿಸಿದ್ದು. ಅರ್ಥ: ಚೆನ್ನಾಗಿ ಆಡು.

ಇಟ್ಟಿಗೆಯ ತಲೆಯ ಮೇಲೆ ಅಂಗಿ ಗುಂಡಿಯಂಥ ಗುಂಡಿಗಳು, ಹೊಟ್ಟೆಯೊಳಗೆ ಕೊಳವೆಗಳು. ಒಂದರ ಮೇಲೊಂದು ಒತ್ತಿದರೆ 'ಟಕ್' ಅಂತ ಕೂರುತ್ತದೆ. ಅಂಟು ಬೇಡ, ಮೊಳೆ ಬೇಡ. ಬೇಡವೆಂದಾಗ ಕಿತ್ತರೆ ಬರುತ್ತದೆ. 1958ರ ಇಟ್ಟಿಗೆಯೂ ಇವತ್ತಿನ ಇಟ್ಟಿಗೆಯೂ ಒಂದಕ್ಕೊಂದು ಕೂರುತ್ತವೆ. ಎಂಟು ಗುಂಡಿಯ ಒಂದೇ ಬಣ್ಣದ ಬರೀ ಆರು ಇಟ್ಟಿಗೆ ಕೊಟ್ಟರೆ 91 ಕೋಟಿ 51 ಲಕ್ಷ 3 ಸಾವಿರದ 765 ರೀತಿ ಜೋಡಿಸಬಹುದಂತೆ! ಪಿಯುಸಿಗೇ ಕೈಮುಗಿದು ಬಂದ ನನಗೆ ಈ ಲೆಕ್ಕ ಬಿಡಿಸಲು ಬರುವುದಿಲ್ಲ. ಲೆಕ್ಕದ ಮೇಷ್ಟ್ರುಗಳು ಕಂಪ್ಯೂಟರ್ ಇಟ್ಟುಕೊಂಡು ಎಣಿಸಿದ್ದಾರೆ.

ಪೆಟ್ಟಿಗೆಯ ಜೊತೆ ಒಂದು ನಕ್ಷೆ ಬರುತ್ತದೆ. 2008ರಲ್ಲಿ ತಾಜ್ ಮಹಲಿನ ಪೆಟ್ಟಿಗೆ ಬಂತು, ಅದರಲ್ಲಿ 5,922 ಚೂರು. ನಕ್ಷೆ ನೋಡಿಕೊಂಡು ಕಟ್ಟಿದರೆ ತಾಜ್ ಮಹಲ್ ರೆಡಿ. ಆದರೆ ನಕ್ಷೆ ಮಡಿಸಿಟ್ಟು, ತಲೆಯಲ್ಲಿರುವುದನ್ನು ಕಟ್ಟುವವರ ಜಾತಿಯೇ ಬೇರೆ. ನಮ್ಮ ಸಿನಿಮಾ ಭಾಷೆಯಲ್ಲಿ ಹೇಳಬೇಕೆಂದರೆ ಒಂದು ರೀಮೇಕು, ಇನ್ನೊಂದು ಸ್ವಮೇಕು! ಅಮೆರಿಕದ ನೇಥನ್ ಸವಾಯ ಎಂಬಾತ ನ್ಯೂಯಾರ್ಕಿನಲ್ಲಿ ವಕೀಲನಾಗಿದ್ದವನು. ಕೋರ್ಟು ಕಚೇರಿ ಬಿಟ್ಟು ಇಟ್ಟಿಗೆ ಹಿಡಿದ. ಎರಡೂ ಕೈಯಿಂದ ತನ್ನ ಎದೆಯನ್ನೇ ಬಗೆದುಕೊಳ್ಳುತ್ತಿರುವ ಹಳದಿ ಮನುಷ್ಯ ಅವನ ಹೆಸರಾಂತ ಕೆಲಸ. ಎದೆಯೊಳಗಿಂದ ಸುರಿಯುವುದು ರಕ್ತವಲ್ಲ, ಹಳದಿ ಇಟ್ಟಿಗೆ. ಅವನ ಪ್ರದರ್ಶನಕ್ಕೆ ಜನ ಟಿಕೆಟ್ ತಗೊಂಡು ಹೋಗುತ್ತಾರೆ.

ನಮ್ಮ ಮೂವರಿಗೆ ಟಿಕೆಟ್ಟಿಲ್ಲ, ಪ್ರದರ್ಶನವಿಲ್ಲ. ನೋಡಿದವನು ನಾನೊಬ್ಬ.

ಮಂಡ್ಯ: 2,304 ಚುಕ್ಕೆಯ ಕನ್ವರ್‌ಲಾಲ್

ಮೊದಲನೆಯವನು ಮಂಡ್ಯದ ಹುಡುಗ, ಮೊಬೈಲ್ ರಿಪೇರಿ ಕೆಲಸ. ಅಂಗಡಿ ಹಿಂದಿನ ರೂಮಿಗೆ ಕರೆದುಕೊಂಡು ಹೋಗಿ ಗೋಡೆ ತೋರಿಸಿದ. ನೋಡಿದರೆ ಬರೀ ಚುಕ್ಕೆ! ಬಿಳಿ, ತೆಳು ಬೂದಿ, ಗಾಢ ಬೂದಿ, ಕಪ್ಪು. ನನ್ನ ಮುಖ ನೋಡಿ ನಕ್ಕ.

"ಹತ್ರ ನಿಂತ್ರೆ ಏನೂ ಕಾಣಲ್ಲ ಅಣ್ಣ. ಬಾಗ್ಲತ್ರ ಹೋಗಿ ನೋಡಿ."

ಬಾಗಿಲಿಗೆ ಹೋಗಿ ತಿರುಗಿದೆ. ಮೈ ಜುಂ ಎಂದಿತು. ಅಂಬರೀಶ್! ಅದೂ 1981ರ 'ಅಂತ' ಚಿತ್ರದ ಕನ್ವರ್‌ಲಾಲ್! ಕಣ್ಣಲ್ಲಿ ಅದೇ ಕೆಂಡ. ಬಳಸಿದ್ದು ಮಾತ್ರ ಕಪ್ಪು ಬಿಳುಪಿನ ಚೂರು.

ಅಡ್ಡಕ್ಕೆ 48, ಉದ್ದಕ್ಕೆ 48, ಒಟ್ಟು 2,304 ದುಂಡು ಚೂರು. ಫೋಟೋದ ಮೇಲೆ ಚೌಕ ಎಳೆದು, ಒಂದೊಂದು ಚೌಕಕ್ಕೆ ಒಂದೊಂದು ಬಣ್ಣ ಗೊತ್ತು ಮಾಡಿದನಂತೆ. ಕಷ್ಟವಾದದ್ದು ಕಣ್ಣು. ಒಂದೇ ಒಂದು ಬಿಳಿ ಚುಕ್ಕೆ ಪಕ್ಕದ ಮನೆಗೆ ಸರಿದರೆ ಅಂಬರೀಶ್ ಹೋಗಿ ಬೇರೆ ಯಾರೋ ಬಂದು ಕೂರುತ್ತಾರೆ! ಆ ಕಣ್ಣನ್ನು ಹನ್ನೊಂದು ಸಲ ಕಿತ್ತು ಕಟ್ಟಿದ್ದಾನೆ.

ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ಹುಡುಗ 1972ರಲ್ಲಿ ಪುಟ್ಟಣ್ಣನವರ 'ನಾಗರಹಾವು' ಚಿತ್ರದ ಜಲೀಲನಾಗಿ ಬಂದು ಮಂಡ್ಯದ ಗಂಡಾದ ಕಥೆ ನಿಮಗೆ ಹೇಳಬೇಕಿಲ್ಲ. 2018ರ ನವೆಂಬರ್ 24ರಂದು ಅಂಬರೀಶ್ ಹೋದಾಗ ಈ ಹುಡುಗ ಎರಡು ದಿನ ಅಂಗಡಿ ತೆಗೆಯಲಿಲ್ಲವಂತೆ.

"ಕಟೌಟಿಗೆ ಹಾಲು ಸುರಿದವನು ನಾನು. ಸುರಿದ ಹಾಲು ಮೋರಿಗೆ ಹೋಯ್ತು. ಕಟೌಟು ವಾರಕ್ಕೆ ಇಳೀತು. ಅದು ಯಾರೋ ಬರೆದದ್ದು, ಯಾರೋ ನಿಲ್ಸಿದ್ದು. ಇದು ಹಂಗಲ್ಲ. ಒಂದೊಂದು ಚುಕ್ಕೆನೂ ನಾನೇ ಕೂರ್ಸಿದ್ದು" ಎಂದ.

ಅಭಿಮಾನಿ ಮಿತ್ರರೇ, ಈ ಮಾತು ನನ್ನ ತಲೆಯಲ್ಲಿ ಮಳವಳ್ಳಿ ಬಸ್ಸಿನ ಉದ್ದಕ್ಕೂ ಕುಟುಕಿತು.

ಮಳವಳ್ಳಿ: ಬೀಳುವ ನೀರು, ಹರಿಯುವ ಕರೆಂಟು

ಎರಡನೆಯವರು ಮೇಷ್ಟ್ರು. ಅವರ ಮೇಜಿನ ಮೇಲೆ ನಿಂತಿರುವುದು ಮಳವಳ್ಳಿ ತಾಲ್ಲೂಕಿನ ಹೆಮ್ಮೆ, ಶಿವನಸಮುದ್ರದ ವಿದ್ಯುತ್ ಕೇಂದ್ರ. ಪಕ್ಕದಲ್ಲಿ ಗಗನಚುಕ್ಕಿ ಧುಮ್ಮಿಕ್ಕುತ್ತಿದೆ.

ಇಟ್ಟಿಗೆ ಚೌಕ, ನೀರು ಚೌಕವಲ್ಲ. ಹಾಗಾದರೆ ಜಲಪಾತ ಹೇಗೆ ಕಟ್ಟಿದರು? ಗಾಜಿನ ಹಾಗೆ ಬೆಳಕು ಬಿಡುವ ಚೂರುಗಳನ್ನು ಅಡ್ಡಡ್ಡ ಮಲಗಿಸಿದ್ದಾರೆ. ಗುಂಡಿ ಮೇಲಕ್ಕಲ್ಲ, ನಮ್ಮ ಕಡೆಗೆ. ಅದರ ನಡುನಡುವೆ ಬಿಳಿ ಚೂರು. ಹಿಂದಿನಿಂದ ಬಲ್ಬು ಹಚ್ಚಿದರು ನೋಡಿ, ನೊರೆನೊರೆಯಾಗಿ ನೀರು ಬಿತ್ತು!

"ಕೆ.ಜಿ.ಎಫ್. ಸಿನಿಮಾ ನೋಡಿದ್ದೀರಲ್ಲ?" ಮೇಷ್ಟ್ರು ಕೇಳಿದರು. 2018ರಲ್ಲಿ ಒಂದನೆಯದು, 2022ರಲ್ಲಿ ಎರಡನೆಯದು, ಎರಡನ್ನೂ ಮೂರು ಮೂರು ಸಲ ನೋಡಿದ್ದೇನೆ ಎಂದೆ. "ಆ ಗಣಿಗೆ ಕರೆಂಟು ಎಲ್ಲಿಂದ ಹೋಯ್ತು ಗೊತ್ತಾ?" ನನಗೆ ಗೊತ್ತಿರಲಿಲ್ಲ. ಮೇಷ್ಟ್ರ ಬೆರಳು ಮೇಜಿನ ಮೇಲಿನ ಪುಟ್ಟ ಕಂಬವನ್ನು ತೋರಿಸಿತು. 1902ರಲ್ಲಿ ಇಲ್ಲಿಂದಲೇ, ಸುಮಾರು 147 ಕಿಲೋಮೀಟರ್ ತಂತಿ ಎಳೆದು, ಕೋಲಾರದ ಚಿನ್ನದ ಗಣಿಗೆ ಕರೆಂಟು ಕೊಟ್ಟರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೇಲೆ, 1905ರಲ್ಲಿ. ರಾಕಿ ಭಾಯ್ ಕಾಲಿಡುವುದಕ್ಕೆ ಎಷ್ಟೋ ಮೊದಲೇ ನಮ್ಮ ಕಾವೇರಿ ಅಲ್ಲಿಗೆ ಹೋಗಿದ್ದಳು!

"ಪುಸ್ತಕದಲ್ಲಿ ಓದಿಸಿದ್ರೆ ಹುಡುಗ್ರು ಆಕಳಿಸ್ತಾರೆ. ಇದನ್ನ ಮುಂದೆ ಇಟ್ರೆ ಕೊನೇ ಬೆಂಚಿನವನೂ ಎದ್ದು ಬರ್ತಾನೆ" ಎಂದರು ಮೇಷ್ಟ್ರು.

ಮಕ್ಕಳಾಟ ಅಂತ ನಗುವವರಿಗೆ ಅವರ ಉತ್ತರವೂ ರೆಡಿ ಇದೆ. "ದಸರಾ ಬಂದ್ರೆ ನಮ್ಮಮ್ಮ ಏನ್ ಮಾಡ್ತಿದ್ರು? ಪೆಟ್ಟಿಗೆ ಇಳಿಸಿ ಪಟ್ಟದ ಗೊಂಬೆ ಕೂರಿಸಿ, ಪಕ್ಕಕ್ಕೆ ಪಾರ್ಕು, ಕೊಳ, ರೈಲು ಎಲ್ಲಾ ಜೋಡಿಸ್ತಿದ್ರು. ಹಬ್ಬ ಮುಗಿದ್ಮೇಲೆ ಮತ್ತೆ ಪೆಟ್ಟಿಗೆಗೆ. ಅದನ್ನ ಯಾರಾದ್ರೂ ಮಕ್ಕಳಾಟ ಅಂದ್ರಾ?"

ನನ್ನ ಹತ್ತಿರ ಉತ್ತರವಿರಲಿಲ್ಲ.

ಚೂರು ಹಿಡಿದು ಹಾಲಿವುಡ್ಡಿಗೆ

ಸಿನಿಮಾ ಪತ್ರಿಕೆಯಲ್ಲಿ ಇದೇಕೆ ಅನ್ನುತ್ತೀರಾ? ಇಲ್ಲಿ ಕೇಳಿ. ಫಿಲ್ ಲಾರ್ಡ್, ಕ್ರಿಸ್ ಮಿಲ್ಲರ್ ಎಂಬ ಜೋಡಿ ನಿರ್ದೇಶಕರು 2014ರಲ್ಲಿ 'ದಿ ಲೆಗೊ ಮೂವಿ' ತೆಗೆದರು. ಹೆಚ್ಚುಕಡಿಮೆ ಎಲ್ಲವೂ ಕಂಪ್ಯೂಟರಿನಲ್ಲೇ ಮಾಡಿದ್ದು. ಆದರೂ ಕೈಯಲ್ಲಿ ಆಡಿದ ಆಟಿಕೆ ಎನಿಸಲಿ ಅಂತ ಚೂರುಗಳ ಮೇಲೆ ಗೀರು, ಧೂಳು, ಬೆರಳಚ್ಚು ಎಲ್ಲವನ್ನೂ ಬೇಕೆಂದೇ ಬಿಡಿಸಿದರು.

ಇನ್ನೊಂದು ಸಂಗತಿ ಇದಕ್ಕಿಂತ ಮಜಾ. ಕೆನಡಾದ ಟೊರಾಂಟೊ ಊರಿನ ಪ್ರೆಸ್ಟನ್ ಮುತಂಗ, 14 ವರ್ಷದ ಶಾಲೆ ಹುಡುಗ. ಹೊಸ ಸ್ಪೈಡರ್‌ಮ್ಯಾನ್ ಚಿತ್ರದ ಟ್ರೇಲರನ್ನು ಮನೆಯ ಕಂಪ್ಯೂಟರಿನಲ್ಲಿ ಲೆಗೊ ಗೊಂಬೆಗಳಲ್ಲೇ ಮರುಸೃಷ್ಟಿ ಮಾಡಿದ. ಚಿತ್ರದ ನಿರ್ಮಾಪಕರ ಕಣ್ಣಿಗೆ ಬಿತ್ತು. ಕರೆದು ಕೆಲಸವನ್ನೇ ಕೊಟ್ಟರು! 2023ರಲ್ಲಿ ತೆರೆಕಂಡ 'ಸ್ಪೈಡರ್‌ಮ್ಯಾನ್: ಅಕ್ರಾಸ್ ದಿ ಸ್ಪೈಡರ್-ವರ್ಸ್' ಚಿತ್ರದ ಲೆಗೊ ಲೋಕದ ದೃಶ್ಯಕ್ಕೆ ಜೀವ ಕೊಟ್ಟವನು ಆ ಹುಡುಗ. ಚಿತ್ರರಂಗಕ್ಕೆ ಬಾಗಿಲು ಎಲ್ಲಿರುತ್ತೆ ಅಂತ ಯಾರು ಬಲ್ಲರು?

ಮದ್ದೂರು: ಆಪರೇಟರಣ್ಣನ ಟಾಕೀಸು

ಮಳವಳ್ಳಿಯಿಂದ ಕೆ.ಎಂ. ದೊಡ್ಡಿ ಮೇಲೆ ಮದ್ದೂರಿಗೆ ಬಂದಾಗ ಸಂಜೆ. ವಡೆ ಕಟ್ಟಿಸಿಕೊಂಡು ಮೂರನೆಯವರ ಮನೆಗೆ ಹೋದೆ. ಇವರು ಒಂದು ಕಾಲದಲ್ಲಿ ಟಾಕೀಸಿನ ಆಪರೇಟರ್. ಆ ಟಾಕೀಸು ಈಗಿಲ್ಲ, ಒಡೆದರು. ಈಗ ಗೂಡ್ಸ್ ಆಟೋ ಓಡಿಸುತ್ತಾರೆ.

ಹಜಾರದ ಹಲಗೆ ಮೇಲಿತ್ತು, ಅವರ ಟಾಕೀಸು!

ಒಂದು ಪಕ್ಕದ ಗೋಡೆ ಬಿಟ್ಟು ಕಟ್ಟಿದ್ದಾರೆ, ಒಳಗೆಲ್ಲ ಕಾಣಲಿ ಅಂತ. ಲೆಗೊ ಗೊಂಬೆಯ ಎತ್ತರ ನಾಲ್ಕು ಇಟ್ಟಿಗೆ, ಎಲ್ಲಾ ಆ ಲೆಕ್ಕದಲ್ಲೇ. ಮುಂದೆ ಒರಗು ಇಲ್ಲದ ಬೆಂಚು, ಅದು ಗಾಂಧಿ ಕ್ಲಾಸು. ಮೇಲೆ ಬಾಲ್ಕನಿ. ಹೊರಗೆ ಸರಳು ಹಾಕಿದ ಟಿಕೆಟ್ ಕಿಂಡಿ. ಕಿಂಡಿಯ ಮುಂದೆ ಸಾಲು, ಸಾಲಿನಲ್ಲಿ ಒಬ್ಬ ಇನ್ನೊಬ್ಬನ ಹೆಗಲೇರಿದ್ದಾನೆ! ಮೊದಲ ದಿನದ ಮೊದಲ ಆಟಕ್ಕೆ ನಾನೂ ಹಾಗೇ ಏರಿದವನೇ.

"ಎಲ್ಲಾ ಲೆಗೊ ಅಲ್ಲ ಸಾ. ದೊಡ್ಡ ಪೆಟ್ಗೆ ತಗೋಬೇಕು ಅಂದ್ರೆ ಸಾವ್ರಗಟ್ಲೆ. ಮಗಳ ಸೋದರಮಾವ ಬೆಂಗಳೂರಿಂದ ಒಂದಿಷ್ಟು ಕೊಟ್ಟ. ಮಿಕ್ಕಿದ್ದು ಜಾತ್ರೆ ಅಂಗಡಿ ಮಾಲು. ಅದು ಸಡ್ಲ, ಅದ್ಕೇ ಒಳಗಡೆ ಹಾಕಿವ್ನಿ" ಎಂದರು. ಎಣಿಸಿದ್ದಾರೆ: 1,840 ಇಟ್ಟಿಗೆ.

ಅವರ ಬೆರಳು ಪ್ರೊಜೆಕ್ಟರ್ ರೂಮಿಗೆ ಹೋಯಿತು. ಎರಡು ಪ್ರೊಜೆಕ್ಟರ್, ಆಟಿಕೆ ಕಾರಿನ ಚಕ್ರಗಳೇ ರೀಲು. ಎರಡೇಕೆ? ಒಂದರಲ್ಲಿ ರೀಲು ಮುಗಿಯುತ್ತಾ ಬಂದಾಗ ತೆರೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕೆ ಮಿಂಚಿ ಹೋಗುತ್ತಿತ್ತು. ಅದು ಎಚ್ಚರಿಕೆ. ಕೂಡಲೇ ಇನ್ನೊಂದು ಪ್ರೊಜೆಕ್ಟರ್ ಚಾಲೂ. ಎರಡನೇ ಚುಕ್ಕೆಗೆ ಇದನ್ನು ಮುಚ್ಚಿ ಅದನ್ನು ತೆರೆಯಬೇಕು. ಕಣ್ಣು ತಪ್ಪಿದರೆ ತೆರೆ ಖಾಲಿ, ಗಾಂಧಿ ಕ್ಲಾಸಿನಿಂದ ಶಿಳ್ಳೆ, ಬೈಗುಳ!

"ಫೈಟಿಂಗ್ ಬರ್ಲಿ, ಹಾಡು ಬರ್ಲಿ, ನಾನು ನೋಡ್ತಿದ್ದಿದ್ದು ಆ ಮೂಲೆನ ಸಾ. ಎಷ್ಟೋ ಪಿಚ್ಚರ್ ಕತೆನೇ ನಂಗ್ ಗೊತ್ತಿಲ್ಲ" ಎಂದು ನಕ್ಕರು.

ಅಷ್ಟರಲ್ಲಿ ಮಗಳು ಬಿಸ್ಕತ್ ಡಬ್ಬಿ ಹಿಡಿದು ಬಂದು ನಿಂತಳು. ಒಂಬತ್ತು ವರ್ಷ. "ಅಪ್ಪ, ಇವತ್ತು ಅಂದಿದ್ದೆ."

ಆಗ ಗೊತ್ತಾಯಿತು. ಇಟ್ಟಿಗೆ ಅವಳದ್ದು. ನಾಲ್ಕು ತಿಂಗಳ ಸಾಲ, ವಾಯಿದೆ ಇವತ್ತಿಗೆ ಮುಗಿದಿದೆ. ಅವಳಿಗೆ ಬಸ್‌ಸ್ಟ್ಯಾಂಡ್ ಕಟ್ಟಬೇಕಂತೆ.

ನನಗೆ ಹೊಟ್ಟೆ ಚುರ್ ಎಂದಿತು. "ಅಂಟು ಹಾಕಿ ಇಟ್ಕೊಳ್ಳಿ ಅಣ್ಣ, ಅವಳಿಗೆ ಬೇರೆ ತಂದುಕೊಡೋಣ" ಎಂದೆ. ಎಂದ ಮೇಲೆ 'ಲೆಗೊ ಮೂವಿ' ಕಥೆಯೇ ನೆನಪಾಯಿತು. ಅದರಲ್ಲೂ ಒಬ್ಬ ಅಪ್ಪ. ಮನೆಯ ನೆಲಮಾಳಿಗೆ ತುಂಬ ಊರಿಗೆ ಊರೇ ಕಟ್ಟಿ, ಮಗ ಮುಟ್ಟಬಾರದೆಂದು ಎಲ್ಲಕ್ಕೂ ಅಂಟು ಹಾಕಲು ಹೊರಡುತ್ತಾನೆ. ಕಡೆಗೆ ಮಗನ ಕಣ್ಣಲ್ಲಿ ತಾನೇ ಖಳನಾಯಕ ಅಂತ ಅರಿವಾಗಿ ಅಂಟು ಕೆಳಗಿಡುತ್ತಾನೆ. ಕಥೆ ಹೇಳಿದೆ. ಹುಡುಗಿ ಕಿಸಕ್ಕನೆ ನಕ್ಕಳು. ಆಪರೇಟರಣ್ಣ ನಗಲಿಲ್ಲ.

"ಕುಂತ್ಕಳಿ ಸಾ, ಕೊನೇ ಆಟ ನೋಡ್ಕಂಡ್ ಹೋಗಿ" ಎಂದು ಲೈಟು ಆರಿಸಿದರು. ಮೊಬೈಲ್ ಟಾರ್ಚನ್ನು ಪ್ರೊಜೆಕ್ಟರ್ ರೂಮಿನ ಹಿಂದೆ ಹಿಡಿದರು. ಕಿಂಡಿಯಿಂದ ಒಂದು ಎಳೆ ಬೆಳಕು ಹೊರಟು, ಗೊಂಬೆಗಳ ತಲೆ ಮೇಲೆ ಹಾದು, ಬಿಳಿ ತೆರೆ ಮುಟ್ಟಿತು. ಯಾವ ಚಿತ್ರವೂ ಇಲ್ಲ, ಬರೀ ಬೆಳಕು. ಮೂರು ಜನ ಉಸಿರು ಹಿಡಿದು ನೋಡಿದೆವು.

ಲೈಟು ಹಾಕಿ, ಚಾವಣಿಯಿಂದ ಶುರು ಮಾಡಿದರು. ಕೆಂಪು ಕೆಂಪಿಗೆ, ಬಿಳಿ ಬಿಳಿಗೆ, ಮಗಳು ಡಬ್ಬಿಗೆ ಹಾಕುತ್ತಾ ಹೋದಳು. ಬಾಲ್ಕನಿ ಹೋಯಿತು. ಗಾಂಧಿ ಕ್ಲಾಸು ಹೋಯಿತು.

"ಬೇಜಾರಿಲ್ವಾ ಅಣ್ಣ?" ತಡೆಯಲಾರದೆ ಕೇಳಿದೆ.

ಅವರು ಒಂದು ಇಟ್ಟಿಗೆಯನ್ನು ಬೆರಳಲ್ಲಿ ತಿರುಗಿಸುತ್ತಾ ಹೇಳಿದರು:

"ನಮ್ ಟಾಕೀಸ್ ಒಡೆದಾಗ ನೋಡ್ತಾ ನಿಂತಿದ್ದೆ ಸಾ. ಒಂದಿಟ್ಗೆನೂ ನಂಗ್ ಸಿಗ್ಲಿಲ್ಲ. ಇದ್ರಲ್ಲಿ ನೋಡಿ… ಎಲ್ಲಾ ವಾಪಸ್ ಬತ್ತಾ ಐತೆ."

ನಾನು ಹೊರಡುವ ಹೊತ್ತಿಗೆ ಹಲಗೆ ಖಾಲಿ. ಮಗಳು ಆಗಲೇ ಬಸ್‌ಸ್ಟ್ಯಾಂಡಿಗೆ ಪಾಯ ಹಾಕಿದ್ದಳು. ಮೂಲೆಯಲ್ಲಿ ಒಂದು ಪುಟ್ಟ ಪೆಟ್ಟಿಗೆ ಅಂಗಡಿ ಬೇಕು ಅಂದಳು.

"ಏನ್ ಮಾರ್ತೀಯಮ್ಮ ಅದ್ರಲ್ಲಿ?" ಎಂದೆ.

"ಸಿನಿಮಾ ಪೇಪರು!"