ಕಾಲಿನ ನರಗಳ ವಾಹಕತಾ ಪರೀಕ್ಷೆ

ದಾವಣಗೆರೆ ಜಿಲ್ಲೆಯ ಜಗಳೂರು ಕಡೆಯ ಬೆದ್ದಲು ಹೊಲಗಳಲ್ಲಿ ಶೇಂಗಾ, ಈರುಳ್ಳಿಗಳ ಕಳೆ ಕೀಳುವವರು ಗಂಟೆಗಟ್ಟಲೆ ಕುಕ್ಕರುಗಾಲಿನಲ್ಲಿ ಕುಳಿತಿರುತ್ತಾರೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳ ಹೊಲತೋಟಗಳಲ್ಲಿಯೂ ಈ ಭಂಗಿ ಅಪರೂಪವಲ್ಲ. ಹೀಗೆ ಬಹುಕಾಲ ಕುಳಿತೆದ್ದವರಲ್ಲಿ ಕೆಲವರಿಗೆ ಪಾದದ ಮುಂಭಾಗ ಮೇಲೇಳದೆ ಹೆಬ್ಬೆರಳು ನೆಲಕ್ಕೆ ಎಡವುವುದುಂಟು. ದೋಷವಿರುವುದು ಸೊಂಟದಲ್ಲಿಯೋ ಮೊಣಕಾಲಿನಲ್ಲಿಯೋ? ಅದು ವಾಸಿಯಾಗುವುದೋ ಇಲ್ಲವೋ? ನಡೆದು ದುಡಿಯುವವರಿಗೆ ಇದು ಬದುಕಿನ ಪ್ರಶ್ನೆ. ನರವಾಹಕತಾ ಪರೀಕ್ಷೆಯು ಇದಕ್ಕೆ ಎಷ್ಟರಮಟ್ಟಿಗೆ ಉತ್ತರ ಕೊಡಬಲ್ಲುದೆಂಬುದನ್ನು ಇಲ್ಲಿ ವಿವೇಚಿಸುತ್ತೇವೆ.

ಪಾದವನ್ನೆತ್ತುವ ಸ್ನಾಯುಗಳಿಗೆ ಹೋಗುವ ಪೆರೋನಿಯಲ್ ನರವು ಮೊಣಕಾಲಿನ ಹೊರಮಗ್ಗುಲಲ್ಲಿ ಫಿಬುಲಾ ಎಲುಬಿನ ಕತ್ತನ್ನು ಬಳಸಿ ಇಳಿಯುತ್ತದೆ. ಅಲ್ಲಿ ಅದು ಚರ್ಮಕ್ಕೆ ತೀರ ಸಮೀಪವಾಗಿರುವುದರಿಂದ ಒತ್ತಡಕ್ಕೆ ಸುಲಭವಾಗಿ ಸಿಕ್ಕುತ್ತದೆ.

ನರದಲ್ಲಿ ಸಂದೇಶ ಸಾಗುವ ವೇಗವನ್ನು ಅಳೆಯಬಹುದೆಂದು 1850ರಲ್ಲಿ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಿಂದ ತೋರಿಸಿದನು. ಇಂದಿನ ಪರೀಕ್ಷೆಯ ತತ್ತ್ವವೂ ಅದೇ. ಪಾದದ ಮೇಲಿನ ಕಿರುಸ್ನಾಯುವಿನ ಮೇಲೆ ವಿದ್ಯುದ್ವಾರವನ್ನು ಅಂಟಿಸಿ, ನರವನ್ನು ಪಾದದ ಹರಡಿನ ಬಳಿ, ಫಿಬುಲಾ ತಲೆಯ ಕೆಳಗೆ, ಮೊಣಕಾಲಿನ ಹಿಂದೆ ಕ್ರಮವಾಗಿ ಪ್ರಚೋದಿಸುತ್ತಾರೆ. ಹರಡಿನಿಂದ ಪ್ರತಿಕ್ರಿಯೆ ಬರಲು 4, ಫಿಬುಲಾದ ಕೆಳಗಿನಿಂದ 11 ಮಿಲಿಸೆಕೆಂಡು ಹಿಡಿಯಿತೆನ್ನೋಣ. ನಡುವಣ ದೂರ 315 ಮಿ.ಮೀ. ಆದರೆ ವೇಗ ಸೆಕೆಂಡಿಗೆ 45 ಮೀಟರ್. ವಯಸ್ಕರಲ್ಲಿ 40ಕ್ಕೆ ಮೇಲ್ಪಟ್ಟುದು ಸಾಮಾನ್ಯವಾಗಿ ಸಹಜ. ಮುಂದಿನ 100 ಮಿ.ಮೀ.ಗೆ 4 ಮಿಲಿಸೆಕೆಂಡು ಹಿಡಿದರೆ ವೇಗ 25ಕ್ಕೆ ಇಳಿಯಿತು. ದೋಷ ಮೊಣಕಾಲಿನ ಬಳಿಯಲ್ಲಿದೆ.

ಗುಣವಾಗುವ ಸಂಭವವನ್ನು ತಿಳಿಯಲು ವೇಗಕ್ಕಿಂತ ಪ್ರತಿಕ್ರಿಯೆಯ ಪ್ರಮಾಣವೇ ಮುಖ್ಯ. ಹರಡಿನಿಂದ ಪ್ರಚೋದಿಸಿದಾಗ ಅದು ಪೂರ್ಣವಾಗಿದ್ದು ಮೊಣಕಾಲಿನ ಮೇಲಿಂದ ಕುಗ್ಗಿದರೆ, ನರತಂತುಗಳು ಉಳಿದಿವೆ, ಮಯಲಿನ್ ಹೊದಿಕೆ ಮಾತ್ರ ಕೆಟ್ಟಿದೆ ಎಂದರ್ಥ. ಒತ್ತಡ ತಪ್ಪಿದರೆ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಚೇತರಿಕೆಯನ್ನು ನಿರೀಕ್ಷಿಸಬಹುದು. ಹರಡಿನಿಂದಲೂ ಕುಗ್ಗಿದ್ದರೆ ತಂತುಗಳೇ ನಶಿಸಿರಬೇಕು; ಅವು ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿ.ಮೀ. ಮಾತ್ರ.

ಆದರೆ ಕಾಲವನ್ನು ಗಮನಿಸಬೇಕು. ಪೆಟ್ಟಾದ ಸ್ಥಳದಿಂದ ಕೆಳಗಿನ ತಂತುಗಳು, ಸಾಯತಕ್ಕವಾದರೂ, ಕೆಲವು ದಿನ ಸಂದೇಶವನ್ನು ಒಯ್ಯುತ್ತಲೇ ಇರುತ್ತವೆ. ಚಾಲಕ ತಂತುಗಳು ಸುಮಾರು ಒಂದು ವಾರದಲ್ಲಿ, ಸಂವೇದನಾ ತಂತುಗಳು ಸುಮಾರು ಹತ್ತು ದಿನಗಳಲ್ಲಿ ನಿಷ್ಕ್ರಿಯವಾಗುತ್ತವೆ. ಎರಡನೆಯ ದಿನದ ಪರೀಕ್ಷೆಯೊಂದನ್ನೇ ನಂಬಿದರೆ ಹುಸಿಭರವಸೆ ಕೊಟ್ಟಂತಾದೀತು. ಕಾಲು ತಣ್ಣಗಿದ್ದರೂ ವೇಗ ತಗ್ಗುತ್ತದೆ. ಆದುದರಿಂದ ಮೊದಲು ಅದನ್ನು ಬೆಚ್ಚಗೆ ಮಾಡಬೇಕು.

ಸೊಂಟದಲ್ಲಿ ನರಮೂಲ ಅದುಮಿದ್ದರೆ ಪಾದದ ಮೇಲಿನ ಚರ್ಮ ಜೋಮುಗಟ್ಟಿದ್ದರೂ ಅಲ್ಲಿಯ ಸಂವೇದನಾ ಪ್ರತಿಕ್ರಿಯೆ ಸಾಮಾನ್ಯವಾಗಿ ಉಳಿದಿರುತ್ತದೆ. ಆ ತಂತುಗಳ ಜೀವಕೋಶಗಳು ಅದುಮಿದ ಸ್ಥಳಕ್ಕಿಂತ ಕೆಳಗೆ ಇರುವುದೇ ಇದರ ಕಾರಣ.

ಈ ಪರೀಕ್ಷೆ ದಪ್ಪ ತಂತುಗಳನ್ನು ಮಾತ್ರ ಅಳೆಯುತ್ತದೆ. ಮಧುಮೇಹಿಗಳ ಅಂಗಾಲುರಿಯಲ್ಲಿ ಫಲಿತಾಂಶ ಸಹಜವಾಗಿಯೇ ಇರಬಹುದು. ಕುಷ್ಠರೋಗವೂ ಇದೇ ನರವನ್ನು ಇದೇ ಸ್ಥಳದಲ್ಲಿ ಕೆಡಿಸುವುದರಿಂದ ಸ್ಪರ್ಶವಿಲ್ಲದ ಮಚ್ಚೆಗಳನ್ನು ಹುಡುಕುವುದೂ ದಪ್ಪಗಾದ ನರವನ್ನು ಮುಟ್ಟಿ ನೋಡುವುದೂ ಅವಶ್ಯ. ಯಂತ್ರವು ವೈದ್ಯನ ಕೈಗೆ ನೆರವಾಗುವುದೇ ಹೊರತು ಅದಕ್ಕೆ ಬದಲಾಗಲಾರದೆಂದು ನಾವು ಭಾವಿಸುತ್ತೇವೆ.