ಸೀಸೆಗೊಂದು ಹೆಸರು, ಹೆಸರಿಗೊಂದು ಲೆಕ್ಕ

ಪುಣೆಗೂ ನಮ್ಮ ಮಲೆನಾಡಿನ ಒಂದು ಕಾಡಿಗೂ ಹಳೆಯ ನಂಟಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಹಳ್ಳಿಗರೂ ಜ್ವರದಿಂದ ಮಲಗಿದರು. ಈ 'ಮಂಗನ ಕಾಯಿಲೆ'ಯ ವೈರಾಣುವನ್ನು ಪತ್ತೆಹಚ್ಚಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ. 1952ರಲ್ಲಿ ಆರಂಭವಾದ ಆ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ.

ಕಾಡಿನಿಂದ ಬಂದ ರಕ್ತ, ಉಣ್ಣಿಗಳಿಂದ ರೋಗದ ಮೂಲ ತಿಳಿಯಬೇಕಾದರೆ ಅವು ಯಾರದು, ಎಲ್ಲಿಯದು, ಯಾವ ದಿನದ್ದು ಎಂಬ ವಿವರ ಬೇಕೇ ಬೇಕು. ಇಂಥ ಮಾದರಿಗಳನ್ನು ಪ್ರಯೋಗಾಲಯಗಳು ಮೈನಸ್ 80 ಡಿಗ್ರಿಯ ಫ್ರೀಜರಿನಲ್ಲಿ ಇಲ್ಲವೇ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಕಾದಿಡುತ್ತವೆ. ಯಾವ ಫ್ರೀಜರು, ಯಾವ ಖಾನೆ, ಯಾವ ಡಬ್ಬಿ, ಹೊರತೆಗೆದವರು ಯಾರು, ಉಳಿದದ್ದೆಷ್ಟು ಎಂಬುದೆಲ್ಲ ದಾಖಲೆಯಲ್ಲಿರಬೇಕು. ಈಗ ಈ ಕೆಲಸಕ್ಕೆ ಬಾರ್‌ಕೋಡ್, ಕಂಪ್ಯೂಟರ್ ಬಂದಿವೆ.

ಲೆಕ್ಕ ತಪ್ಪಿದರೆ ಏನಾದೀತು? ಸಿಡುಬು ನಿರ್ಮೂಲವಾಯಿತೆಂದು 1980ರಲ್ಲಿ ಘೋಷಣೆಯಾಯಿತು. ಬಳಿಕ ಅದರ ವೈರಾಣುವನ್ನು ಅಮೆರಿಕ ಮತ್ತು ರಷ್ಯದ ಒಂದೊಂದು ಪ್ರಯೋಗಾಲಯದಲ್ಲಿ ಮಾತ್ರ ಇಡಲು ಒಪ್ಪಲಾಯಿತು. ಆದರೆ 2014ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ಬೇರೊಂದು ಪ್ರಯೋಗಾಲಯದ ಸ್ಥಳಾಂತರಕ್ಕೆ ಸಿದ್ಧತೆ ನಡೆದಿದ್ದಾಗ, ಶೀತಲ ಕೋಣೆಯ ರಟ್ಟಿನ ಪೆಟ್ಟಿಗೆಯಲ್ಲಿ ಸಿಡುಬಿನ ಆರು ಸೀಸೆಗಳು ಸಿಕ್ಕವು. ಎರಡರಲ್ಲಿ ವೈರಾಣು ಇನ್ನೂ ಜೀವಂತವಾಗಿತ್ತು! ಪರೀಕ್ಷೆಯ ನಂತರ 2015ರಲ್ಲಿ ಅವುಗಳನ್ನು ನಾಶಪಡಿಸಲಾಯಿತು.

ನಮ್ಮ ಸಂಘಗಳ ಆರೋಗ್ಯ ತಪಾಸಣಾ ಶಿಬಿರಗಳಿಗೂ ಈ ಮಾತು ಅನ್ವಯಿಸುತ್ತದೆ. ರಕ್ತ ತೆಗೆದ ಕೂಡಲೇ ನಿಮ್ಮೆದುರೇ ನಳಿಕೆಯ ಮೇಲೆ ಹೆಸರು, ವಯಸ್ಸು, ದಿನಾಂಕ ಬರೆಸಿರಿ. ಚೀಟಿ ಅದಲುಬದಲಾದರೆ ಒಬ್ಬರ ಕಾಯಿಲೆಗೆ ಇನ್ನೊಬ್ಬರು ಔಷಧ ನುಂಗಬೇಕಾದೀತು.